ಮಿದುಳಿನ ರಕ್ತಸ್ರಾವಕ್ಕೆ ತಡೆಯೊಡ್ಡಿದ ವಾಲ್ಟರ್ ಡ್ಯಾಂಡಿ

1937ರ ಮಾರ್ಚ್ 23. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ 43 ವರ್ಷದ ರೋಗಿಯೊಬ್ಬನ ತಲೆಬುರುಡೆಯನ್ನು ತೆರೆಯಲಾಗಿತ್ತು. ಆತನ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು, ಕಣ್ಣುಗುಡ್ಡೆ ಹೊರಳುತ್ತಿರಲಿಲ್ಲ. ಮಿದುಳಿನ ಬುಡದಲ್ಲಿ ಧಮನಿಯೊಂದರ ಗೋಡೆ ಉಬ್ಬಿ ಪುಟ್ಟ ಗುಳ್ಳೆಯಾಗಿ, ಕಣ್ಣಿಗೆ ಹೋಗುವ ನರವನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸಕರು ಆ ಗುಳ್ಳೆಯ ಕುತ್ತಿಗೆಗೆ ಬೆಳ್ಳಿಯ ಸಣ್ಣದೊಂದು ಕ್ಲಿಪ್ ತೊಡಿಸಿ, ರಕ್ತ ಅದರೊಳಗೆ ನುಗ್ಗುವ ದಾರಿಯನ್ನು ಮುಚ್ಚಿದರು. ಧಮನಿಯಲ್ಲಿ ರಕ್ತದ ಹರಿವು ಎಂದಿನಂತೆ ಮುಂದುವರಿಯಿತು. ಗುಳ್ಳೆ ನಿಷ್ಕ್ರಿಯವಾಯಿತು. ರೋಗಿ ಬದುಕಿ ಮನೆಗೆ ಮರಳಿದ.

ಆ ಶಸ್ತ್ರಚಿಕಿತ್ಸಕರ ಹೆಸರು ವಾಲ್ಟರ್ ಎಡ್ವರ್ಡ್ ಡ್ಯಾಂಡಿ. ಮಿದುಳಿನ ಧಮನಿಯ ಗುಳ್ಳೆಗೆ ಕ್ಲಿಪ್ ಹಾಕಿ ಗುಣಪಡಿಸಿದ ಮೊದಲ ದಾಖಲೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಜಗತ್ತಿನ ಯಾವುದೇ ನರಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಈ ಹೆಸರು ಅಪರಿಚಿತವಲ್ಲ. ಆದರೆ ಡ್ಯಾಂಡಿ ಅವರ ಬದುಕನ್ನು ಕೇವಲ ಒಂದು ಕ್ಲಿಪ್ಪಿನ ಕಥೆಯಾಗಿ ಓದುವುದು ಅವರಿಗೂ, ಅವರು ಎದುರಿಸಿದ ಕಾಯಿಲೆಗೂ ನ್ಯಾಯ ಒದಗಿಸುವುದಿಲ್ಲ. ಮಿದುಳಿನ ಸುತ್ತ ತಾನಾಗಿ ರಕ್ತ ಸ್ರವಿಸಿದಾಗ ರೋಗಿ ಉಳಿಯುವುದು ಅಥವಾ ಅಳಿಯುವುದು ಹಲವು ಸಂಗತಿಗಳನ್ನು ಅವಲಂಬಿಸಿದೆ. ಅವುಗಳಲ್ಲಿ ಬಹುಪಾಲನ್ನು ಡ್ಯಾಂಡಿ ತಮ್ಮ ವೃತ್ತಿಜೀವನದ ಬೇರೆ ಬೇರೆ ಘಟ್ಟಗಳಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಮುಟ್ಟಿದ್ದರು.

ಏನಿದು ರಕ್ತಸ್ರಾವ?

ಮಿದುಳನ್ನು ಮೂರು ಪೊರೆಗಳು ಹೊದ್ದುಕೊಂಡಿವೆ. ನಡುವಿನ ಪೊರೆಯ ಹೆಸರು ಅರಕ್ನಾಯ್ಡ್. ಅದರ ಕೆಳಗಿನ ತೆಳುವಾದ ಅವಕಾಶದಲ್ಲಿ ತಿಳಿನೀರಿನಂತಹ ದ್ರವ ಹರಿಯುತ್ತಿರುತ್ತದೆ. ಮಿದುಳಿಗೆ ರಕ್ತ ಪೂರೈಸುವ ದೊಡ್ಡ ಧಮನಿಗಳು ಹಾದುಹೋಗುವುದೂ ಇಲ್ಲಿಯೇ. ಪೆಟ್ಟು ಬೀಳದೆಯೂ ಈ ಅವಕಾಶದಲ್ಲಿ ರಕ್ತ ಸುರಿಯುವುದನ್ನು ವೈದ್ಯರು ಸಬ್‌ಅರಕ್ನಾಯ್ಡ್ ರಕ್ತಸ್ರಾವ ಎನ್ನುತ್ತಾರೆ. ಇಂತಹ ಪ್ರಕರಣಗಳಲ್ಲಿ ಶೇ 85ರಷ್ಟಕ್ಕೆ ಕಾರಣ ಧಮನಿಯ ಕವಲುಗಳಲ್ಲಿ ಮೂಡುವ ಗುಳ್ಳೆ ಒಡೆಯುವುದು. ಈ ಗುಳ್ಳೆಗೆ ಅನ್ಯೂರಿಸಂ ಎಂದು ಹೆಸರು.

ನೂರು ವಯಸ್ಕರಲ್ಲಿ ಸುಮಾರು ಮೂವರ ತಲೆಯಲ್ಲಿ ಇಂತಹ ಗುಳ್ಳೆ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದರ ಅರಿವೇ ಇರುವುದಿಲ್ಲ. ಬಹುತೇಕ ಗುಳ್ಳೆಗಳು ಕೊನೆಯವರೆಗೂ ಒಡೆಯುವುದಿಲ್ಲ. ಆದರೆ ಒಡೆದಾಗ ಅನಾಹುತ ಕ್ಷಣಾರ್ಧದಲ್ಲಿ ನಡೆದುಹೋಗುತ್ತದೆ. ಹಿಂದೆಂದೂ ಕಾಣದಂತಹ ತಲೆನೋವು ಸಿಡಿಲಿನಂತೆ ಎರಗುತ್ತದೆ. ವಾಂತಿ, ಕುತ್ತಿಗೆ ಸೆಟೆಯುವುದು, ಪ್ರಜ್ಞೆ ತಪ್ಪುವುದು ಅದರ ಬೆನ್ನಿಗೇ ಬರಬಹುದು. ಇದಕ್ಕೆ ತುತ್ತಾಗುವವರ ಸರಾಸರಿ ವಯಸ್ಸು ಐವತ್ತರ ಆಸುಪಾಸು. ಇತರ ಪಾರ್ಶ್ವವಾಯು ಪ್ರಕರಣಗಳಿಗೆ ಹೋಲಿಸಿದರೆ ಇದು ದುಡಿಯುವ ವಯಸ್ಸಿನವರನ್ನು ಹೊಡೆದುರುಳಿಸುವ ಕಾಯಿಲೆ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಡ್ಯಾಂಡಿ ವೈದ್ಯರಾದ ಕಾಲದಲ್ಲಿ ಈ ಕಾಯಿಲೆಯನ್ನು ಜೀವಂತ ರೋಗಿಯಲ್ಲಿ ಗುರುತಿಸುವುದೇ ಅಪರೂಪವಾಗಿತ್ತು. ಬಹುತೇಕ ಸಂದರ್ಭಗಳಲ್ಲಿ ಅದು ಶವಪರೀಕ್ಷೆಯ ಮೇಜಿನ ಮೇಲೆ ಬಯಲಾಗುತ್ತಿತ್ತು.

ರೈಲು ಚಾಲಕನ ಮಗ

ವಾಲ್ಟರ್ ಡ್ಯಾಂಡಿ ಜನಿಸಿದ್ದು 1886ರ ಏಪ್ರಿಲ್ 6ರಂದು, ಮಿಸೌರಿ ರಾಜ್ಯದ ಸೆಡಾಲಿಯಾ ಪಟ್ಟಣದಲ್ಲಿ. ತಂದೆ ಜಾನ್ ಡ್ಯಾಂಡಿ ಇಂಗ್ಲೆಂಡಿನಿಂದ, ತಾಯಿ ರೇಚಲ್ ಕಿಲ್‌ಪ್ಯಾಟ್ರಿಕ್ ಐರ್ಲೆಂಡಿನಿಂದ ವಲಸೆ ಬಂದವರು. ತಂದೆ ರೈಲು ಎಂಜಿನ್ ಚಾಲಕರಾಗಿದ್ದರು. ದಂಪತಿಯ ಏಕೈಕ ಪುತ್ರನಾದ ವಾಲ್ಟರ್ ಶಾಲೆಯಲ್ಲಿ ತರಗತಿಗೇ ಮೊದಲಿಗ. 1907ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಅವರು, ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯ ಎರಡನೇ ವರ್ಷಕ್ಕೆ ನೇರ ಪ್ರವೇಶ ಗಿಟ್ಟಿಸಿದರು. 1910ರಲ್ಲಿ, 24ನೇ ವಯಸ್ಸಿಗೆ ವೈದ್ಯರಾದರು.

ಆಗ ಅಲ್ಲಿ ಹಾರ್ವೆ ಕುಶಿಂಗ್ ಎಂಬ ಮೇಧಾವಿ ಇದ್ದರು. ನರಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ವಿಭಾಗವಾಗಿ ಕಟ್ಟಿ ನಿಲ್ಲಿಸಿದ ಕೀರ್ತಿ ಅವರದು. ಡ್ಯಾಂಡಿ ಒಂದು ವರ್ಷ ಕುಶಿಂಗ್ ಅವರ ಪ್ರಾಯೋಗಿಕ ಶಸ್ತ್ರಚಿಕಿತ್ಸಾಲಯದಲ್ಲಿ ದುಡಿದು, ನಂತರ ಆಸ್ಪತ್ರೆಯಲ್ಲಿ ಅವರ ಸಹಾಯಕರಾದರು. ಆದರೆ ಗುರು-ಶಿಷ್ಯರ ನಡುವೆ ಹೊಂದಾಣಿಕೆ ಬೆಳೆಯಲೇ ಇಲ್ಲ. 1912ರಲ್ಲಿ ಕುಶಿಂಗ್ ಬಾಸ್ಟನ್ನಿನ ಹೊಸ ಆಸ್ಪತ್ರೆಗೆ ಹೊರಟಾಗ ಡ್ಯಾಂಡಿಯನ್ನು ತಮ್ಮೊಂದಿಗೆ ಕರೆದೊಯ್ಯಲಿಲ್ಲ. ಜೊತೆಗೆ ಹೋಗುವ ನಿರೀಕ್ಷೆಯಲ್ಲಿದ್ದ ಯುವ ವೈದ್ಯ ಬಾಲ್ಟಿಮೋರಿನಲ್ಲಿಯೇ ಅತಂತ್ರನಾಗಿ ಉಳಿದ. ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್ ಅವರ ಬಳಗದಲ್ಲಿ ನೆಲೆ ಸಿಗುವವರೆಗೂ ಡ್ಯಾಂಡಿ ಅವರ ಭವಿಷ್ಯ ಅನಿಶ್ಚಿತವಾಗಿತ್ತು.

ಆ ಅವಮಾನದ ದಿನಗಳೇ ಅವರ ಮೊದಲ ಮಹತ್ವದ ಸಂಶೋಧನೆಗೆ ದಾರಿ ಮಾಡಿಕೊಟ್ಟವು ಎಂಬುದು ಗಮನಾರ್ಹ.

ತಲೆಯೊಳಗಿನ ನೀರಿನ ಜಾಡು

ಮಕ್ಕಳ ತಲೆ ಅಸಹಜವಾಗಿ ಊದಿಕೊಳ್ಳುವ ಜಲಶೀರ್ಷ ರೋಗದ ಕಾರಣ ಆಗ ಸ್ಪಷ್ಟವಿರಲಿಲ್ಲ. ಮಕ್ಕಳ ತಜ್ಞ ಕೆನೆತ್ ಬ್ಲ್ಯಾಕ್‌ಫ್ಯಾನ್ ಅವರೊಂದಿಗೆ ಡ್ಯಾಂಡಿ 1913 ಮತ್ತು 1914ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಒಗಟನ್ನು ಬಿಡಿಸಿದವು. ನಾಯಿಗಳ ಮಿದುಳಿನ ಕುಹರಗಳನ್ನು ಜೋಡಿಸುವ ಕಿರಿದಾದ ನಾಳವನ್ನು ಮುಚ್ಚಿದಾಗ, ಮುಚ್ಚಿದ ಜಾಗದ ಹಿಂದಿನ ಕುಹರಗಳು ನೀರು ತುಂಬಿ ಹಿಗ್ಗಿದವು. ಮಿದುಳಿನ ದ್ರವ ಕುಹರಗಳ ಒಳಗೆ ಉತ್ಪತ್ತಿಯಾಗಿ, ನಾಳದ ಮೂಲಕ ಹೊರಬಂದು, ಮಿದುಳಿನ ಸುತ್ತಲಿನ ಅವಕಾಶದಲ್ಲಿ ರಕ್ತಕ್ಕೆ ಸೇರುತ್ತದೆ ಎಂಬುದನ್ನು ಅವರು ಬಣ್ಣದ ದ್ರಾವಣ ಬಳಸಿ ತೋರಿಸಿದರು. ದಾರಿಯಲ್ಲಿ ಎಲ್ಲಿ ತಡೆಯಾದರೂ ನೀರು ಹಿಂದಕ್ಕೆ ನಿಲ್ಲುತ್ತದೆ.

ಮಕ್ಕಳ ಕಾಯಿಲೆಗಾಗಿ ನಡೆದ ಈ ಅಧ್ಯಯನಕ್ಕೂ ವಯಸ್ಕರ ರಕ್ತಸ್ರಾವಕ್ಕೂ ನಿಕಟ ನಂಟಿದೆ. ಅನ್ಯೂರಿಸಂ ಒಡೆದು ಸುರಿದ ರಕ್ತ ಹೆಪ್ಪುಗಟ್ಟಿ, ದ್ರವದ ಹಾದಿಗೆ ಅಡ್ಡ ನಿಲ್ಲುತ್ತದೆ. ಆಗ ಕುಹರಗಳು ಊದಿ ಮಿದುಳನ್ನು ಒಳಗಿನಿಂದಲೇ ಹಿಂಡತೊಡಗುತ್ತವೆ. ಒಡೆದ ಗುಳ್ಳೆಯೊಂದಿಗೆ ಆಸ್ಪತ್ರೆಗೆ ಬರುವ ನೂರು ಜನರಲ್ಲಿ ಇಪ್ಪತ್ತರಿಂದ ಮೂವತ್ತು ಜನರಿಗೆ ಮೊದಲ ಕೆಲವು ದಿನಗಳಲ್ಲೇ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಸಕಾಲದಲ್ಲಿ ಕುಹರಕ್ಕೆ ನಳಿಕೆ ಇಳಿಸಿ ನೀರು ಹೊರಹಾಕಿದರೆ, ಪ್ರಜ್ಞೆ ಕಳೆದುಕೊಂಡಿದ್ದ ರೋಗಿ ಕೆಲವೇ ಗಂಟೆಗಳಲ್ಲಿ ಕಣ್ಣು ತೆರೆಯುವುದೂ ಉಂಟು. ಗಮನಿಸದೆ ಬಿಟ್ಟರೆ, ರಕ್ತಸ್ರಾವದಿಂದ ಪಾರಾದವರನ್ನೂ ಅದು ಬಲಿ ಪಡೆಯಬಲ್ಲದು.

1918ರಲ್ಲಿ ಡ್ಯಾಂಡಿ ಮತ್ತೊಂದು ಹೆಜ್ಜೆ ಮುಂದಿಟ್ಟರು. ಮೂಳೆಯನ್ನು ತೋರಿಸುವ ಎಕ್ಸ್-ರೇಗೆ ಮೃದುವಾದ ಮಿದುಳು ಕಾಣುತ್ತಿರಲಿಲ್ಲ. ಕುಹರದಲ್ಲಿನ ದ್ರವವನ್ನು ತೆಗೆದು ಆ ಜಾಗಕ್ಕೆ ಗಾಳಿ ತುಂಬಿದರೆ, ಕುಹರದ ಆಕಾರ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ ಎಂದು ಅವರು ಕಂಡುಕೊಂಡರು. ಆಕಾರ ಎತ್ತ ವಾಲಿದೆ, ಎಲ್ಲಿ ಕುಗ್ಗಿದೆ ಎಂಬುದರಿಂದ ಗಡ್ಡೆಯ ಜಾಗ ಪತ್ತೆಯಾಗುತ್ತಿತ್ತು. ಮರುವರ್ಷ ಬೆನ್ನಿನ ಮೂಲಕವೇ ಗಾಳಿ ಹಾಯಿಸುವ ವಿಧಾನವನ್ನೂ ರೂಪಿಸಿದರು. ರೋಗಿಗೆ ವಿಪರೀತ ತಲೆನೋವು, ವಾಂತಿ ತರುತ್ತಿದ್ದ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯವೊಡ್ಡುತ್ತಿದ್ದ ಪರೀಕ್ಷೆ ಇದು. ಆದರೂ 1970ರ ದಶಕದಲ್ಲಿ ಸಿಟಿ ಸ್ಕ್ಯಾನ್ ಬರುವ ತನಕ, ಸುಮಾರು ಅರ್ಧ ಶತಮಾನ ಕಾಲ, ಜೀವಂತ ಮಿದುಳಿನೊಳಗೆ ಇಣುಕಲು ವೈದ್ಯರಿಗಿದ್ದ ಪ್ರಮುಖ ಕಿಟಕಿಗಳಲ್ಲಿ ಇದೂ ಒಂದಾಗಿತ್ತು.

ಗುರುವಿನೊಂದಿಗೆ ಜಗಳ

ಕುಶಿಂಗ್ ಈ ಹೊಸ ವಿಧಾನವನ್ನು ಉತ್ಸಾಹದಿಂದ ಸ್ವಾಗತಿಸಲಿಲ್ಲ. 1922ರಲ್ಲಿ ವೈಮನಸ್ಯ ಬಹಿರಂಗವಾಯಿತು. ಶ್ರವಣ ನರದ ಗಡ್ಡೆಯ ಒಳತಿರುಳನ್ನಷ್ಟೇ ತೆಗೆದು ಹೊರಕವಚವನ್ನು ಹಾಗೆಯೇ ಬಿಡುವುದು ಕುಶಿಂಗ್ ಅವರ ಪದ್ಧತಿ. ಪೂರ್ಣ ತೆಗೆಯಲು ಹೋದರೆ ರೋಗಿ ಸಾಯುತ್ತಾನೆಂಬುದು ಅವರ ಅನುಭವ. ಬಿಟ್ಟರೆ ಗಡ್ಡೆ ಮತ್ತೆ ಬೆಳೆಯುತ್ತದೆ, ಪೂರ್ಣ ತೆಗೆಯುವುದೇ ಸರಿ ಎಂದು ಡ್ಯಾಂಡಿ ಕಿರು ವರದಿ ಪ್ರಕಟಿಸಿದರು. ಕೆರಳಿದ ಕುಶಿಂಗ್ ಕಟುವಾದ ಪತ್ರ ಬರೆದರು; ಡ್ಯಾಂಡಿ ಬಗ್ಗಲಿಲ್ಲ. ಇಬ್ಬರ ನಡುವಿನ ಮುನಿಸು 1939ರಲ್ಲಿ ಕುಶಿಂಗ್ ನಿಧನರಾಗುವವರೆಗೂ ಪೂರ್ಣವಾಗಿ ಕರಗಲಿಲ್ಲ.

ಡ್ಯಾಂಡಿ ಸುಲಭದ ಮನುಷ್ಯರಾಗಿರಲಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅವರ ಸಿಟ್ಟು ಹೆಸರಾಗಿತ್ತು. ಕಿರಿಯ ವೈದ್ಯರು ಬೆದರುತ್ತಲೇ ಅವರೊಂದಿಗೆ ಕೆಲಸ ಮಾಡುತ್ತಿದ್ದರು. ಇದೇ ಮನುಷ್ಯ ಹಣವಿಲ್ಲದ ಅನೇಕ ರೋಗಿಗಳಿಂದ ಶುಲ್ಕ ಪಡೆಯುತ್ತಿರಲಿಲ್ಲ. 1924ರಲ್ಲಿ ಸೇಡಿ ಮಾರ್ಟಿನ್ ಅವರನ್ನು ವಿವಾಹವಾದ ಡ್ಯಾಂಡಿ ನಾಲ್ವರು ಮಕ್ಕಳ ತಂದೆಯಾದರು.

ಮೂರು ಹಾಸಿಗೆಗಳ ಕೋಣೆ

ಕುಶಿಂಗ್ ಜೊತೆಗಿನ ಜಗಳದ ಮರುವರ್ಷ, ಅಂದರೆ 1923ರಲ್ಲಿ, ಡ್ಯಾಂಡಿ ಹೆಚ್ಚು ಸದ್ದಿಲ್ಲದೆ ಒಂದು ಕೆಲಸ ಮಾಡಿದರು. ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಸಾಮಾನ್ಯ ವಾರ್ಡಿಗೆ ಕಳುಹಿಸುವ ಬದಲು, ಮೂರು ಹಾಸಿಗೆಗಳ ಪ್ರತ್ಯೇಕ ಘಟಕದಲ್ಲಿ ಇರಿಸಿ, ತರಬೇತಿ ಪಡೆದ ದಾದಿಯರನ್ನು ಹಗಲಿರುಳು ನಿಯೋಜಿಸಿದರು. ಇಂದಿನ ತೀವ್ರ ನಿಗಾ ಘಟಕಗಳ ಇತಿಹಾಸವನ್ನು ಬರೆಯುವವರು ಅಮೆರಿಕದ ಮಟ್ಟಿಗೆ ಈ ಮೂರು ಹಾಸಿಗೆಗಳಿಂದಲೇ ಆರಂಭಿಸುತ್ತಾರೆ.

ಮಿದುಳಿನ ರೋಗಿ ತನಗೇನಾಗುತ್ತಿದೆ ಎಂದು ಹೇಳಿಕೊಳ್ಳಲಾರ. ತೂಕಡಿಕೆ ಹೆಚ್ಚಿತೇ, ಕಣ್ಣಿನ ಪಾಪೆ ಹಿಗ್ಗಿತೇ, ಕೈಯ ಬಲ ಕುಂದಿತೇ ಎಂಬುದನ್ನು ಇನ್ನೊಬ್ಬರು ಪಕ್ಕದಲ್ಲಿದ್ದು ಗಮನಿಸಬೇಕು. ಸಬ್‌ಅರಕ್ನಾಯ್ಡ್ ರಕ್ತಸ್ರಾವದಲ್ಲಂತೂ ಈ ಕಾವಲು ಜೀವನ್ಮರಣದ ಪ್ರಶ್ನೆ. ಈ ಕಾಯಿಲೆಯ ಪ್ರಕರಣಗಳನ್ನು ಹೆಚ್ಚು ಸಂಖ್ಯೆಯಲ್ಲಿ ನಿರ್ವಹಿಸುವ, ನುರಿತ ತಂಡವುಳ್ಳ ಆಸ್ಪತ್ರೆಗಳಲ್ಲಿ ರೋಗಿಗಳು ಬದುಕುಳಿಯುವ ಪ್ರಮಾಣ ಉತ್ತಮವಾಗಿದೆ ಎಂದು ಇತ್ತೀಚಿನ ದಶಕಗಳ ಅಧ್ಯಯನಗಳು ತಿಳಿಸುತ್ತವೆ.

ಕಾಯಿಲೆಗೆ ಹೆಸರು, ಕೈಗೆ ಕ್ಲಿಪ್

ಇದೇ ವೇಳೆಗೆ ರಕ್ತಸ್ರಾವದ ಬಗ್ಗೆಯೂ ತಿಳಿವಳಿಕೆ ಬೆಳೆಯುತ್ತಿತ್ತು. 1891ರಲ್ಲಿ ಜರ್ಮನಿಯ ಹೈನ್ರಿಖ್ ಕ್ವಿಂಕೆ ಬೆನ್ನಿನಿಂದ ನೀರು ತೆಗೆಯುವ ವಿಧಾನವನ್ನು ಬಳಕೆಗೆ ತಂದಿದ್ದರು. ಆ ನೀರಿನಲ್ಲಿ ರಕ್ತ ಕಂಡರೆ ಮಿದುಳಿನ ಸುತ್ತ ಸ್ರಾವವಾಗಿದೆ ಎಂದು ತಿಳಿಯಬಹುದಾಗಿತ್ತು. ಕುಶಿಂಗ್ ಅವರ ಬಾಸ್ಟನ್ ವಿಭಾಗದಲ್ಲಿ ಕೆಲಕಾಲ ಇದ್ದ ಇಂಗ್ಲೆಂಡಿನ ನರರೋಗತಜ್ಞ ಚಾರ್ಲ್ಸ್ ಸೈಮಂಡ್ಸ್, ತಾನಾಗಿ ಉಂಟಾಗುವ ಸಬ್‌ಅರಕ್ನಾಯ್ಡ್ ರಕ್ತಸ್ರಾವದ ಲಕ್ಷಣಗಳನ್ನು 1924ರಲ್ಲಿ ವಿವರವಾಗಿ ದಾಖಲಿಸಿದರು. 1927ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್ ಧಮನಿಗೆ ಔಷಧ ಹಾಯಿಸಿ ಎಕ್ಸ್-ರೇಯಲ್ಲಿ ಮಿದುಳಿನ ರಕ್ತನಾಳಗಳನ್ನು ತೋರಿಸಿದರು.

ಆದರೆ ರೋಗ ಗೊತ್ತಾದ ಮೇಲೆ ಮಾಡುವುದೇನು? ಕುತ್ತಿಗೆಯಲ್ಲಿ ಕೆರೋಟಿಡ್ ಧಮನಿಯನ್ನು ಕಟ್ಟಿ ರಕ್ತದ ರಭಸ ತಗ್ಗಿಸುವುದು ಒಂದು ದಾರಿ. ಅದರಿಂದ ಮಿದುಳಿನ ಆ ಪಾರ್ಶ್ವಕ್ಕೇ ರಕ್ತ ಸಾಲದೆ ಲಕ್ವ ಹೊಡೆಯುವ ಭಯವಿತ್ತು. 1931ರಲ್ಲಿ ಸ್ಕಾಟ್ಲೆಂಡಿನ ನಾರ್ಮನ್ ಡಾಟ್, ಒಡೆದ ಗುಳ್ಳೆಯ ಸುತ್ತ ರೋಗಿಯದೇ ಸ್ನಾಯುವಿನ ತುಣುಕನ್ನು ಸುತ್ತಿ ಬಲಪಡಿಸಿ ಯಶಸ್ವಿಯಾದರು. ಗುಳ್ಳೆಯನ್ನು ಧಮನಿಯಿಂದ ಪೂರ್ತಿ ಬೇರ್ಪಡಿಸಿ, ಧಮನಿಯನ್ನು ಮಾತ್ರ ಉಳಿಸಿಕೊಳ್ಳುವ ಕೆಲಸ ಬಾಕಿ ಇತ್ತು.

ಡ್ಯಾಂಡಿ 1937ರಲ್ಲಿ ಮಾಡಿದ್ದು ಅದನ್ನೇ. ರಕ್ತನಾಳದ ಚಿತ್ರಣದ ನೆರವಿಲ್ಲದೆ, ಕಣ್ಣಿನ ಚಲನೆಯನ್ನು ನಿಯಂತ್ರಿಸುವ ಮೂರನೇ ನರದ ನಿಷ್ಕ್ರಿಯತೆಯನ್ನು ಆಧರಿಸಿ, ಗುಳ್ಳೆ ಎಲ್ಲಿರಬೇಕೆಂದು ಅವರು ಊಹಿಸಿದರು. ಊಹೆ ನಿಜವಾಯಿತು. ಬಳಸಿದ ಬೆಳ್ಳಿಯ ಕ್ಲಿಪ್ಪಿನ ಮೂಲ ಮಾತ್ರ ಕುತೂಹಲಕಾರಿ. ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಒಸರುವ ನಾಳಗಳನ್ನು ಮುಚ್ಚಲು 1911ರಲ್ಲಿ ಇದನ್ನು ರೂಪಿಸಿದವರು ಬೇರೆ ಯಾರೂ ಅಲ್ಲ, ಹಾರ್ವೆ ಕುಶಿಂಗ್. ಕೆನಡಾದ ಕೆನೆತ್ ಮೆಕೆಂಜಿ ಅದನ್ನು ಸುಧಾರಿಸಿದ್ದರು. ಮುನಿಸಿಕೊಂಡ ಗುರುವಿನ ಸಾಧನವೇ ಶಿಷ್ಯನ ಅತಿ ದೊಡ್ಡ ಸಾಧನೆಗೆ ಒದಗಿತು. 1938ರಲ್ಲಿ ಡ್ಯಾಂಡಿ ಈ ಪ್ರಕರಣವನ್ನು ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. 1944ರಲ್ಲಿ ಮಿದುಳಿನ ಧಮನಿಯ ಗುಳ್ಳೆಗಳ ಬಗೆಗಿನ ಅವರ ಗ್ರಂಥ ಹೊರಬಂತು.

ಎರಡನೇ ಸ್ರಾವದ ಭೀತಿ

ಕ್ಲಿಪ್ಪಿನ ಮಹತ್ವ ತಿಳಿಯಬೇಕಾದರೆ ಈ ಕಾಯಿಲೆಯ ಸ್ವಭಾವ ತಿಳಿಯಬೇಕು. ಒಡೆದ ಗುಳ್ಳೆಯ ಬಾಯಿಗೆ ರಕ್ತದ ಹೆಪ್ಪು ಕಟ್ಟಿ ಸ್ರಾವ ತಾತ್ಕಾಲಿಕವಾಗಿ ನಿಲ್ಲುತ್ತದೆ. ತಲೆನೋವು ತಗ್ಗಿ, ರೋಗಿ ಚೇತರಿಸಿಕೊಂಡಂತೆಯೂ ಕಾಣಬಹುದು. ಆದರೆ ಆ ಹೆಪ್ಪು ಭದ್ರವಾದ ಬಾಗಿಲಲ್ಲ. ಗುಳ್ಳೆ ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲಿ, ಅದರಲ್ಲೂ ಆರಂಭದ ಕೆಲವು ಗಂಟೆಗಳಲ್ಲಿ ಅತ್ಯಧಿಕ. ಚಿಕಿತ್ಸೆ ನೀಡದಿದ್ದರೆ ಮೊದಲ ತಿಂಗಳಲ್ಲಿ ಮೂವರಲ್ಲಿ ಒಬ್ಬರಿಗೆ ಮರುಸ್ರಾವ ಆಗಬಹುದು. ಎರಡನೇ ಸ್ರಾವದಿಂದ ಪಾರಾಗುವವರು ವಿರಳ. ಆದ್ದರಿಂದಲೇ ಸಾಧ್ಯವಾದಷ್ಟು ಬೇಗ, 24 ಗಂಟೆಗಳ ಒಳಗೆ ಗುಳ್ಳೆಯನ್ನು ಮುಚ್ಚಬೇಕು ಎಂಬುದು ಇಂದಿನ ವೈದ್ಯಕೀಯ ಮಾರ್ಗಸೂಚಿ.

ಸಮಯ ಎಷ್ಟು ನಿರ್ದಯಿ ಎಂಬುದರ ಅನುಭವ ಡ್ಯಾಂಡಿ ಅವರಿಗೆ ಅದೇ 1937ರ ಜುಲೈನಲ್ಲಿ ಆಯಿತು. ಖ್ಯಾತ ಸಂಗೀತ ಸಂಯೋಜಕ ಜಾರ್ಜ್ ಗೆರ್ಶ್ವಿನ್ ಮಿದುಳಿನ ಗಡ್ಡೆಯಿಂದ ಕುಸಿದು ಲಾಸ್ ಏಂಜಲೀಸ್‌ನ ಆಸ್ಪತ್ರೆ ಸೇರಿದ್ದರು. ಚೆಸಾಪೀಕ್ ಕೊಲ್ಲಿಯಲ್ಲಿ ವಿಹಾರನೌಕೆಯಲ್ಲಿದ್ದ ಡ್ಯಾಂಡಿಯನ್ನು ಹುಡುಕಿ ದಡಕ್ಕೆ ಕರೆತರಲಾಯಿತು. ಅವರು ವಿಮಾನದಲ್ಲಿ ನೆವಾರ್ಕ್ ತಲುಪಿದರು. ಆದರೆ ಖಂಡದ ಇನ್ನೊಂದು ತುದಿ ಮುಟ್ಟುವಷ್ಟು ವ್ಯವಧಾನ ರೋಗಿಗಿರಲಿಲ್ಲ. ದೂರವಾಣಿಯಲ್ಲೇ ಸಮಾಲೋಚನೆ ನಡೆಸಿ, ಅಲ್ಲಿನ ವೈದ್ಯರೇ ಶಸ್ತ್ರಚಿಕಿತ್ಸೆ ಕೈಗೊಂಡರು. ಜುಲೈ 11ರಂದು ಗೆರ್ಶ್ವಿನ್ ಕೊನೆಯುಸಿರೆಳೆದರು. ಅವರಿಗೆ ಕೇವಲ 38 ವರ್ಷ. ಅವರ ಕಾಯಿಲೆ ಬೇರೆ. ಆದರೆ ತಜ್ಞ ಎಲ್ಲೋ, ರೋಗಿ ಎಲ್ಲೋ ಇದ್ದರೆ ಪರಿಣತಿ ಪ್ರಯೋಜನಕ್ಕೆ ಬಾರದು ಎಂಬ ಮಾತು ರಕ್ತಸ್ರಾವಕ್ಕೂ ಅನ್ವಯಿಸುತ್ತದೆ.

ಡ್ಯಾಂಡಿ ಅವರ ಆಸಕ್ತಿ ಆಸ್ಪತ್ರೆಯ ಗೋಡೆಗಳನ್ನೂ ದಾಟಿತ್ತು. ಬೇಸ್‌ಬಾಲ್ ಆಟಗಾರರ ತಲೆಗೆ ಚೆಂಡು ಬಡಿದು ಗಾಯವಾಗುತ್ತಿದ್ದುದನ್ನು ತಪ್ಪಿಸಲು, ಟೋಪಿಯ ಒಳಗೆ ಸೇರಿಸಬಹುದಾದ ಪ್ಲಾಸ್ಟಿಕ್ ಕವಚವನ್ನು ಅವರು ವಿನ್ಯಾಸಗೊಳಿಸಿದರು. 1941ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಅದನ್ನು ಬಳಕೆಗೆ ತಂದಿತು.

ಡ್ಯಾಂಡಿ ಕಾಣದೆ ಹೋದದ್ದು

1946ರ ಏಪ್ರಿಲ್ 19ರಂದು ಹೃದಯಾಘಾತದಿಂದ ಡ್ಯಾಂಡಿ ನಿಧನರಾದರು. ಅರವತ್ತು ತುಂಬಿ ಎರಡು ವಾರವೂ ಆಗಿರಲಿಲ್ಲ. ಮಿದುಳಿನ ಧಮನಿಗಳ ದುರಸ್ತಿಗೆ ದಾರಿ ತೋರಿದವರು ತಮ್ಮದೇ ಹೃದಯದ ಧಮನಿಗೆ ಸೋತರು.

ಅವರ ನಂತರ ತಿಳಿದುಬಂದ ಸಂಗತಿಗಳು ಹಲವು. ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ಕೆಲವು ರೋಗಿಗಳು ನಾಲ್ಕೈದು ದಿನಗಳ ಬಳಿಕ ಹಠಾತ್ತನೆ ಮಂಕಾಗಿ, ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಿದ್ದರು. ಮಿದುಳಿನ ಸುತ್ತ ನಿಂತ ರಕ್ತ ಕರಗುವಾಗ ಬಿಡುಗಡೆಯಾಗುವ ವಸ್ತುಗಳು ಧಮನಿಗಳನ್ನು ಸಂಕುಚಿಸುವಂತೆ ಮಾಡುತ್ತವೆ. ಆಗ ಮಿದುಳಿಗೆ ರಕ್ತ ಸಾಲದಾಗುತ್ತದೆ. ಮೂರನೇ ದಿನದಿಂದ ಎರಡು ವಾರಗಳವರೆಗೆ ಈ ಗಂಡಾಂತರ ಕಾದಿರುತ್ತದೆ. ಸುಮಾರು ಮೂವರಲ್ಲಿ ಒಬ್ಬರು ಇದರಿಂದ ಬಾಧಿತರಾಗುತ್ತಾರೆ. ಆರಂಭದಲ್ಲಿ ಸುರಿದ ರಕ್ತದ ಪ್ರಮಾಣ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು ಎಂಬುದು 1980ರಲ್ಲಿ ಸಿಟಿ ಸ್ಕ್ಯಾನ್ ಚಿತ್ರಗಳ ಅಧ್ಯಯನದಿಂದ ಖಚಿತವಾಯಿತು. ನಿಮೊಡಿಪಿನ್ ಎಂಬ ಮಾತ್ರೆಯನ್ನು 21 ದಿನ ನೀಡುವುದರಿಂದ ಫಲಿತಾಂಶ ಸುಧಾರಿಸುತ್ತದೆ ಎಂದು 1980ರ ದಶಕದ ಪರೀಕ್ಷೆಗಳು ತೋರಿಸಿದವು.

ಆಸ್ಪತ್ರೆಗೆ ಬರುವಾಗಿನ ರೋಗಿಯ ಸ್ಥಿತಿಯನ್ನು ಅಳೆಯುವ ಕ್ರಮವೂ ಆಗ ಇರಲಿಲ್ಲ. 1968ರಲ್ಲಿ ವಿಲಿಯಂ ಹಂಟ್ ಮತ್ತು ರಾಬರ್ಟ್ ಹೆಸ್ ರೋಗಿಗಳನ್ನು ಐದು ದರ್ಜೆಗಳಲ್ಲಿ ವಿಂಗಡಿಸಿದರು. ಅಲ್ಪ ತಲೆನೋವಷ್ಟೇ ಇದ್ದವರು ಮೊದಲ ದರ್ಜೆ. ಆಳವಾದ ಕೋಮಾದಲ್ಲಿರುವವರು ಐದನೇ ದರ್ಜೆ. ರೋಗಿ ಬದುಕುವ ಸಂಭವವನ್ನು ಹೇಳುವ ಅಂಶಗಳಲ್ಲಿ ಈ ದರ್ಜೆಯೇ ಇಂದಿಗೂ ಎಲ್ಲಕ್ಕಿಂತ ಮುಖ್ಯ. ವಯಸ್ಸು ಹೆಚ್ಚಾದಷ್ಟೂ ಅಪಾಯ ಹೆಚ್ಚು. ಗುಳ್ಳೆಯ ಗಾತ್ರ ದೊಡ್ಡದಿದ್ದರೆ, ಅದು ಮಿದುಳಿನ ಹಿಂಭಾಗದ ಧಮನಿಗಳಲ್ಲಿದ್ದರೆ ಚಿಕಿತ್ಸೆ ಕಠಿಣ. ಜ್ವರ, ರಕ್ತದಲ್ಲಿನ ಸಕ್ಕರೆಯ ಏರಿಕೆ, ಸೋಡಿಯಂ ಕೊರತೆ ಇವೂ ಚೇತರಿಕೆಗೆ ಅಡ್ಡಿ. ಗುಳ್ಳೆಯೇ ಇಲ್ಲದೆ, ಮಿದುಳಿನ ಕಾಂಡದ ಮುಂದೆ ಅಲ್ಪ ರಕ್ತ ಸ್ರವಿಸುವ ಒಂದು ಬಗೆಯೂ ಉಂಟು. ಅಂತಹವರು ಬಹುತೇಕ ಸಂಪೂರ್ಣ ಗುಣಮುಖರಾಗುತ್ತಾರೆ.

ಕ್ಲಿಪ್ಪಿನ ಮುಂದಿನ ಪಯಣ

ಬೆಳ್ಳಿಯ ಕ್ಲಿಪ್ಪನ್ನು ಒಮ್ಮೆ ಒತ್ತಿದರೆ ಮತ್ತೆ ತೆರೆಯುವುದು ಕಷ್ಟವಾಗಿತ್ತು. ಮುಂದೆ ಸ್ಪ್ರಿಂಗ್ ಇರುವ ಕ್ಲಿಪ್ಪುಗಳು ಬಂದವು. ಇಂದು ಅವು ಟೈಟಾನಿಯಂನಿಂದ ತಯಾರಾಗುತ್ತವೆ. 1960ರ ದಶಕದಲ್ಲಿ ಗಾಜಿ ಯಾಸರ್ಗಿಲ್ ಸೂಕ್ಷ್ಮದರ್ಶಕವನ್ನು ಮಿದುಳಿನ ಶಸ್ತ್ರಚಿಕಿತ್ಸೆಗೆ ಒಗ್ಗಿಸಿದರು. 1990ರ ದಶಕದ ಆರಂಭದಲ್ಲಿ ಗೀಡೋ ಗುಲಿಯೆಲ್ಮಿ, ತಲೆಬುರುಡೆ ತೆರೆಯದೆಯೇ ತೊಡೆಯ ಧಮನಿಯ ಮೂಲಕ ನಳಿಕೆ ಹಾಯಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವ ವಿಧಾನವನ್ನು ಬಳಕೆಗೆ ತಂದರು. 2143 ರೋಗಿಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಇವೆರಡನ್ನೂ ಹೋಲಿಸಿತು. ಒಂದು ವರ್ಷದ ನಂತರ ಸಾವಿಗೀಡಾದ ಅಥವಾ ಪರಾವಲಂಬಿಗಳಾದವರ ಪ್ರಮಾಣ ಸುರುಳಿ ಚಿಕಿತ್ಸೆಯಲ್ಲಿ ಶೇ 23.7, ಕ್ಲಿಪ್ ಚಿಕಿತ್ಸೆಯಲ್ಲಿ ಶೇ 30.6 ಇತ್ತು. ಎರಡೂ ವಿಧಾನಗಳಿಗೆ ಒಗ್ಗುವಂತಹ ರೋಗಿಗಳನ್ನಷ್ಟೇ ಆ ಅಧ್ಯಯನಕ್ಕೆ ಆಯ್ದುಕೊಳ್ಳಲಾಗಿತ್ತು. ಎಲ್ಲ ಗುಳ್ಳೆಗಳಿಗೂ ಸುರುಳಿ ಸೂಕ್ತವಲ್ಲದ ಕಾರಣ ಕ್ಲಿಪ್ ತನ್ನ ಸ್ಥಾನ ಕಳೆದುಕೊಂಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಗಳಲ್ಲಿ ಎರಡೂ ಚಿಕಿತ್ಸೆಗಳು ನಡೆಯುತ್ತವೆ.

ಇಷ್ಟೆಲ್ಲ ಪ್ರಗತಿಯ ನಂತರವೂ ಗುಳ್ಳೆ ಒಡೆದವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸಾವನ್ನಪ್ಪುತ್ತಾರೆ. ನೂರರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ತಲುಪುವುದೇ ಇಲ್ಲ. ಉಳಿದವರಲ್ಲಿ ಅನೇಕರನ್ನು ಮರೆವು, ಆಯಾಸ, ಏಕಾಗ್ರತೆಯ ಕೊರತೆ ಬಹುಕಾಲ ಕಾಡುತ್ತವೆ. ಹಿಂದಿನ ಪೀಳಿಗೆಗೆ ಹೋಲಿಸಿದರೆ ಬದುಕುಳಿಯುವವರ ಸಂಖ್ಯೆ ಖಂಡಿತ ಹೆಚ್ಚಿದೆ. ಅದರ ಶ್ರೇಯಸ್ಸು ಯಾವುದೇ ಒಂದು ಸಾಧನಕ್ಕೆ ಸಲ್ಲುವುದಿಲ್ಲ. ಬೇಗ ಗುರುತಿಸುವುದು, ಬೇಗ ಮುಚ್ಚುವುದು, ನಿಂತ ನೀರನ್ನು ಹೊರಹಾಕುವುದು, ಎರಡು ವಾರ ಹಗಲಿರುಳು ಕಾಯುವುದು ಇವೆಲ್ಲವೂ ಸೇರಿದಾಗ ಮಾತ್ರ ಜೀವ ಉಳಿಯುತ್ತದೆ. ಡ್ಯಾಂಡಿ ಅವರ ಕ್ಲಿಪ್ಪಿಗೆ ಸಿಕ್ಕ ಪ್ರಸಿದ್ಧಿ ಅವರ ಮೂರು ಹಾಸಿಗೆಗಳಿಗೆ ಸಿಕ್ಕಿಲ್ಲ. ಆದರೆ ರೋಗಿಯ ದೃಷ್ಟಿಯಿಂದ ನೋಡಿದರೆ ಎರಡರ ತೂಕವೂ ಒಂದೇ.

ಓದುಗರ ಕೈಯಲ್ಲಿರುವುದು ಈ ಸರಪಳಿಯ ಮೊದಲ ಕೊಂಡಿ. ಧೂಮಪಾನ ಮತ್ತು ಅಧಿಕ ರಕ್ತದೊತ್ತಡ ಗುಳ್ಳೆ ಒಡೆಯಲು ಕಾರಣವಾಗುವ, ಆದರೆ ನಿಯಂತ್ರಿಸಬಹುದಾದ ಎರಡು ಪ್ರಮುಖ ಅಂಶಗಳು. ಅತಿಯಾದ ಮದ್ಯಪಾನವೂ ಅಪಾಯವನ್ನು ಹೆಚ್ಚಿಸುತ್ತದೆ. ತಂದೆ-ತಾಯಿ, ಒಡಹುಟ್ಟಿದವರ ಪೈಕಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಈ ಕಾಯಿಲೆ ಬಂದಿದ್ದರೆ ತಜ್ಞರ ಸಲಹೆ ಪಡೆಯುವುದು ಒಳಿತು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಷಣಮಾತ್ರದಲ್ಲಿ ಉತ್ತುಂಗಕ್ಕೇರುವ, ಹಿಂದೆಂದೂ ಅನುಭವಿಸದ ತಲೆನೋವನ್ನು ಪಿತ್ತವೆಂದೋ ಅರೆತಲೆನೋವೆಂದೋ ಭಾವಿಸಿ ಮಾತ್ರೆ ನುಂಗಿ ಮಲಗುವಂತಿಲ್ಲ. ನೋವು ತಾನಾಗಿ ಇಳಿದರೂ ನಿರ್ಲಕ್ಷಿಸುವಂತಿಲ್ಲ. 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಧಾವಿಸಬೇಕು. ಮೊದಲ ಆರು ಗಂಟೆಗಳೊಳಗೆ ಮಾಡಿದ ಸ್ಕ್ಯಾನ್ ಈ ರಕ್ತಸ್ರಾವವನ್ನು ತಪ್ಪಿಸಿಕೊಳ್ಳಲು ಬಿಡುವುದು ಬಹಳ ಅಪರೂಪ. ಗಾಳಿ ತುಂಬಿದ ಕುಹರಗಳ ಮಸುಕು ಚಿತ್ರ ಹಿಡಿದು, ಜೋತುಬಿದ್ದ ಕಣ್ಣರೆಪ್ಪೆ ನೋಡಿ ರೋಗವನ್ನು ಊಹಿಸುತ್ತಿದ್ದ ಡ್ಯಾಂಡಿ ಅವರ ಕಾಲಕ್ಕೆ ಈ ಅನುಕೂಲ ಇರಲಿಲ್ಲ.